ಲಸಿಕೆಯ ಪೆಟ್ಟಿಗೆಯೊಡನೆ ಮೂವತ್ತೆಂಟು ವರ್ಷ

(ಧರ್ಮಕೇಂದ್ರದ ಶತಮಾನೋತ್ಸವ ಸಭೆಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳ ಈ ಸಂಭ್ರಮದಲ್ಲಿ ಮಾತನಾಡಲು ನನಗಿಂತ ಅರ್ಹರಾದವರು ಈ ಸಭೆಯಲ್ಲಿಯೇ ಅನೇಕರಿದ್ದಾರೆ. ದೇವಾಲಯದ ಗೋಡೆಗೆ ಕಲ್ಲು ಹೊತ್ತವರ ಮೊಮ್ಮಕ್ಕಳಿದ್ದಾರೆ. ಶಾಲೆಯನ್ನು ಕಷ್ಟಕಾಲದಲ್ಲಿ ನಡೆಸಿಕೊಂಡು ಬಂದ ಭಗಿನಿಯರಿದ್ದಾರೆ. ಹೀಗಿರಲು ನನ್ನನ್ನೇಕೆ ಕರೆದಿರಿ ಎಂದು ಗುರುಗಳನ್ನು ಕೇಳಿದೆ. "ಈ ಸೀಮೆಯ ಮಕ್ಕಳಿಗೆಲ್ಲ ಸೂಜಿ ಚುಚ್ಚಿದವರು ನೀವು, ಆ ಕಥೆಯನ್ನೇ ಹೇಳಿ" ಎಂದರು. ಅಂದು ಚುಚ್ಚಿಸಿಕೊಂಡು ಅತ್ತವರಲ್ಲಿ ಹಲವರು ಇಂದು ಮೀಸೆ ಬಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿರುವುದನ್ನು ನೋಡಿದಾಗ ನನಗೆ ಸಂತೋಷದ ಜೊತೆಗೆ ಸ್ವಲ್ಪ ಅಳುಕೂ ಆಗುತ್ತಿದೆ.

ನಾನು 1980ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಈ ಕಾಫಿ ಸೀಮೆಯ ಒಂದು ಉಪಕೇಂದ್ರಕ್ಕೆ ಸಹಾಯಕ ದಾದಿಯಾಗಿ ಬಂದೆ. ಆಗ ನನಗೆ 22 ವರ್ಷ. ಸರ್ಕಾರದ ಕಾಗದಗಳಲ್ಲಿ ನಮ್ಮ ಹುದ್ದೆಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳು ಬಂದವು. ಎ.ಎನ್.ಎಂ. ಎಂದರು, ಆಮೇಲೆ ಕಿರಿಯ ಆರೋಗ್ಯ ಸಹಾಯಕಿ ಎಂದರು. ಜನರು ಮಾತ್ರ 'ನರ್ಸಮ್ಮ' ಎಂದರು, ಇಲ್ಲವೇ 'ಸಿಸ್ಟರ್' ಎಂದರು. ನಮ್ಮ ಧರ್ಮಕೇಂದ್ರದಲ್ಲಿ ಸಿಸ್ಟರ್ ಎಂದರೆ ಕನ್ಯಾಮಠದವರು. ಹೊರಗೆ ನಾನೂ ಸಿಸ್ಟರೇ. ಬಂದ ಹೊಸತರಲ್ಲಿ ಒಬ್ಬ ಮುದುಕಿ ನನ್ನ ಗಲ್ಲ ಸವರಿ, "ಇಷ್ಟು ಚಿಕ್ಕ ಪ್ರಾಯಕ್ಕೆ ಮದುವೆ ಬೇಡ ಅಂದುಬಿಟ್ಟೆಯಲ್ಲ ಮಗಾ" ಎಂದು ಕಣ್ಣೀರು ಹಾಕಿದ್ದಳು. ಅವಳಿಗೆ ವಿಷಯವನ್ನು ವಿವರಿಸುವಷ್ಟರಲ್ಲಿ ಬಸ್ಸು ತಪ್ಪಿತು.

ಗುಡ್ಡಗಾಡಿನ ಉಪಕೇಂದ್ರವೊಂದಕ್ಕೆ 3000 ಜನ ಎಂಬುದು ಸರ್ಕಾರದ ಲೆಕ್ಕ. ಬಯಲುಸೀಮೆಯವರಿಗೆ 5000. ಕೇಳಿದರೆ ನಮ್ಮದೇ ಹಗುರವೆನ್ನಬೇಕು. ಆದರೆ ಆ 3000 ಜನರಲ್ಲಿ ಒಂದು ಕೂಲಿ ಲೈನಿನವರಿಗೂ ಮತ್ತೊಂದು ಲೈನಿನವರಿಗೂ ನಡುವೆ ಒಂದು ಗುಡ್ಡ, ಎರಡು ಹಳ್ಳ, ಮಳೆಗಾಲವಾದರೆ ಲೆಕ್ಕವಿಲ್ಲದಷ್ಟು ಇಂಬಳ. ಕಾಲಿಗೆ ಸುಣ್ಣ ಹೊಗೆಸೊಪ್ಪು ಸವರಿಕೊಂಡು, ಹೆಗಲಿಗೆ ಲಸಿಕೆಯ ಪೆಟ್ಟಿಗೆ ಹಾಕಿಕೊಂಡು ನಡೆದ ದಾರಿಗಳು ನನಗೆ ಇಂದಿಗೂ ಕನಸಿನಲ್ಲಿ ಬರುತ್ತವೆ.

ನಾನು ಬಂದಾಗ ನಮ್ಮ ಆರೋಗ್ಯ ಕೇಂದ್ರದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯರಿದ್ದರು. ಸಿಡುಬಿನ ಕಾಲದಲ್ಲಿ ಊರೂರು ತಿರುಗಿ ದಾಕು ಹಾಕಿದವರು. ಐವತ್ತು ದಾಟಿದ ನಿಮ್ಮಲ್ಲಿ ಬಹುಮಂದಿಯ ತೋಳಿನ ಮೇಲಿರುವ ದುಂಡನೆಯ ಗುರುತು ಅಂಥವರ ಕೈಯದೇ. ತುದಿಯಲ್ಲಿ ಎರಡಾಗಿ ಕವಲೊಡೆದ ಒಂದು ಸಣ್ಣ ಸೂಜಿಯನ್ನು ಅವರು ನೆನಪಿಗೆಂದು ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದರು. ಆ ಎರಡು ಮೊನೆಗಳ ನಡುವೆ ಒಂದು ಹನಿ ಲಸಿಕೆ ನಿಲ್ಲುತ್ತದೆ. ತೋಳಿನ ಮೇಲೆ ಒಂದೇ ಜಾಗದಲ್ಲಿ 15 ಸಲ ಬೇಗ ಬೇಗ ಕುಟ್ಟಬೇಕು. ರಕ್ತ ಎಳ್ಳಷ್ಟು ಜಿನುಗಿದರೆ ಕೆಲಸ ಸರಿಯಾಯಿತೆಂದು ತಿಳಿಯಬೇಕು. ನಮ್ಮ ಜನ ಆ ರೋಗವನ್ನು ರೋಗವೆನ್ನುತ್ತಿರಲಿಲ್ಲ, 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಯೊಳಕ್ಕೆ ಈ ಹಿರಿಯರು ಹೇಗೆ ಹೋಗುತ್ತಿದ್ದರೆಂದು ಕೇಳಿದೆ. "ಚಪ್ಪಲಿ ಬಿಟ್ಟು ಹೋಗುತ್ತಿದ್ದೆ. ಅಮ್ಮ ಬಂದು ಎಷ್ಟು ದಿನವಾಯಿತು, ಮನೆಗೆ ಯಾರು ಯಾರು ಬಂದು ಹೋದರು, ಅಷ್ಟೇ ಕೇಳುತ್ತಿದ್ದೆ. ಅವರ ಅಮ್ಮನೊಡನೆ ನನಗೇನು ಜಗಳ?" ಎಂದರು. ರೋಗಿಯನ್ನು ಹುಡುಕುವುದು, ಆ ಮನೆಯ ಸುತ್ತಲಿನವರಿಗೆಲ್ಲ ದಾಕು ಹಾಕಿ ರೋಗಕ್ಕೆ ದಾರಿಯಿಲ್ಲದಂತೆ ಮಾಡುವುದು, ಇದೇ ಕೊನೆಕೊನೆಗೆ ಸಿಡುಬನ್ನು ಗೆದ್ದ ಉಪಾಯ. ಭಾರತದಲ್ಲಿ ಸಿಡುಬು ಕೊನೆಯ ಬಾರಿ ಕಂಡದ್ದು 1975ರ ಮೇ ತಿಂಗಳಿನಲ್ಲಿ. 1980ರ ಮೇ 8ರಂದು ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು. "ಇಷ್ಟು ವರ್ಷ ದುಡಿದದ್ದಕ್ಕೆ ನನಗೆ ಸಿಕ್ಕ ಫಲವೆಂದರೆ ನನ್ನ ಕೆಲಸವೇ ಇಲ್ಲದಂತಾದದ್ದು" ಎಂದು ಅವರು ನಗುತ್ತಿದ್ದರು.

ಅವರು ನನಗೆ ಕಲಿಸಿದ ಪಾಠ ಒಂದೇ. "ತಾಯಿ ಹೇಳಿದಳೆಂದು ಬರೆಯಬೇಡ. ಮೇಷ್ಟರು ಹೇಳಿದರೆಂದು ಬರೆಯಬೇಡ. ತೋಳು ನೋಡು, ಗುರುತು ನೋಡು, ಆಮೇಲೆ ರಿಜಿಸ್ಟರಿನಲ್ಲಿ ಬರೆ." ಈ ಮಾತನ್ನು ನೀವು ಸ್ವಲ್ಪ ನೆನಪಿನಲ್ಲಿಡಿ. ಮುಂದೆ ನಾನು ಇದಕ್ಕೆ ಮರಳಿ ಬರಬೇಕಾಗಿದೆ.

ಮಕ್ಕಳಿಗೆಲ್ಲ ಲಸಿಕೆ ಹಾಕುವ ವಿಸ್ತೃತ ಕಾರ್ಯಕ್ರಮ ನಮ್ಮ ದೇಶದಲ್ಲಿ 1978ರಲ್ಲಿ ಆರಂಭವಾಗಿತ್ತು. ಬಾಲಕ್ಷಯ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೋ, ಇವಕ್ಕೆ ಲಸಿಕೆಗಳು. 1985ರಲ್ಲಿ ದಡಾರದ್ದೂ ಸೇರಿತು. ಕೆಲಸ ಸುಲಭವೆಂದು ಕಾಣಬಹುದು. ಆದರೆ ಲಸಿಕೆ ಎಂಬುದು ಹಾಲಿನ ಹಾಗೆ, ಸ್ವಲ್ಪ ಉಪೇಕ್ಷೆ ಮಾಡಿದರೆ ಕೆಡುತ್ತದೆ. ಪೋಲಿಯೋ ಹನಿ ಹೆಪ್ಪುಗಟ್ಟಿದರೆ ಒಳ್ಳೆಯದು, ಡಿ.ಪಿ.ಟಿ. ಹೆಪ್ಪುಗಟ್ಟಿದರೆ ಅಂದಿಗೇ ಅದರ ಗುಣ ಹೋಯಿತು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಐಸ್ ಪ್ಯಾಕುಗಳ ನಡುವೆ ಇಟ್ಟುಕೊಂಡು ಹೋಗಬೇಕು. ಬಸ್ಸಿನಲ್ಲಿ ಜನದಟ್ಟಣೆಯಾದಾಗ ಕಂಡಕ್ಟರು ನನ್ನ ಮೇಲಿನ ಗೌರವದಿಂದಲೇ ಪೆಟ್ಟಿಗೆಯನ್ನು ಕಸಿದುಕೊಂಡು ಡ್ರೈವರ ಪಕ್ಕದ ಎಂಜಿನಿನ ಮೇಲೆ ಇಟ್ಟುಬಿಡುತ್ತಿದ್ದರು. ಬಸ್ಸಿನಲ್ಲಿ ಅದಕ್ಕಿಂತ ಬಿಸಿಯಾದ ಸ್ಥಳ ಇನ್ನೊಂದಿಲ್ಲ. ನಾನು ಜನರನ್ನು ತಳ್ಳಿಕೊಂಡು ಹೋಗಿ ಪೆಟ್ಟಿಗೆಯನ್ನು ತೊಡೆಯ ಮೇಲೆ ತಂದಿಟ್ಟುಕೊಳ್ಳುವೆ. "ಸಿಸ್ಟರಮ್ಮನ ಪೆಟ್ಟಿಗೆಯಲ್ಲಿ ಬಂಗಾರ ಇದೆ" ಎಂದು ಯಾರೋ ನಗೆಯಾಡುವರು.

ಆ ದಿನಗಳಲ್ಲಿ ಇಂದಿನಂತೆ ಒಂದು ಸಲ ಬಳಸಿ ಎಸೆಯುವ ಸಿರಿಂಜುಗಳಿರಲಿಲ್ಲ. ಗಾಜಿನ ಸಿರಿಂಜು, ಉಕ್ಕಿನ ಸೂಜಿ. ಯಾರದೋ ಮನೆಯ ಜಗುಲಿಯ ಮೇಲೆ ಸೀಮೆಎಣ್ಣೆ ಸ್ಟೌವು ಹಚ್ಚಿ, 20 ನಿಮಿಷ ಕುದಿಸಿ, ಆರಿಸಿ, ಆಮೇಲೆ ಮಗುವನ್ನು ಮುಟ್ಟಬೇಕು. ಮೊಂಡಾದ ಸೂಜಿಯನ್ನು ಕಲ್ಲಿನ ಮೇಲೆ ಮಸೆದದ್ದೂ ಉಂಟು. ಇನ್ನು ಡಿ.ಪಿ.ಟಿ. ಹಾಕಿದ ರಾತ್ರಿ ಮಗುವಿಗೆ ಜ್ವರ ಬರುವುದು ಸಹಜ. ಡಾಕ್ಟರರು ಕಾಯಿಲೆಯ ಮಗುವನ್ನು ಗುಣಪಡಿಸಿ ಕಳಿಸುತ್ತಾರೆ, ತಾಯಿ ಕೈಮುಗಿಯುತ್ತಾಳೆ. ನಾವು ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಹಿಡಿದು ತಂದು ಜ್ವರ ಬರಿಸಿ ಹೋಗುತ್ತೇವೆ. ಎಂದೋ ಬರಬಹುದಾಗಿದ್ದ ಕಾಯಿಲೆ ಬಾರದೆ ಹೋದುದಕ್ಕಾಗಿ ಯಾವ ತಾಯಿಯೂ ನಮ್ಮನ್ನು ನೆನೆಯುವುದು ಸಾಧ್ಯವಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಮರುದಿನ ಬೆಳಿಗ್ಗೆ ಅದೇ ಮನೆಗೆ ಹೋಗಿ ಮಗುವಿನ ಮೈ ಮುಟ್ಟಿ ನೋಡುವ ಸಹಾಯಕಿಗೆ ಮಾತ್ರ ಮುಂದಿನ ತಿಂಗಳು ಆ ಬಾಗಿಲು ತೆರೆಯುತ್ತದೆ ಎಂಬುದನ್ನು ಹೇಳುತ್ತಿದ್ದೇನೆ.

1983ರಲ್ಲಿ ಒಂದು ಮನೆಯ ಗಂಡುಮಗುವಿಗೆ ನಾನು ಚುಚ್ಚಿದ ಜಾಗದಲ್ಲಿ ಬಾವು ಬಂದು ಕೀವುಗಟ್ಟಿತು. ಡಾಕ್ಟರರು ಕೊಯ್ದು ಕೀವು ತೆಗೆದರು. ಅಂದು ನನ್ನ ಸ್ಟೌವಿನ ಸೀಮೆಎಣ್ಣೆ ನಡುವೆಯೇ ಮುಗಿದಿತ್ತು. 20 ನಿಮಿಷ ತುಂಬಿತ್ತೋ ಇಲ್ಲವೋ ನನಗೇ ಖಚಿತವಿರಲಿಲ್ಲ. ಹದಿಮೂರು ದಿನ ನಡೆದುಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿದೆ. ಆ ಮನೆಯ ಅಜ್ಜಿ ಒಂದು ದಿನವೂ ಬಯ್ಯಲಿಲ್ಲ. ಪ್ರತಿದಿನ ಬೆಲ್ಲದ ಕಾಫಿ ಕೊಟ್ಟಳು. ಕೊನೆಯ ದಿನ ಮಾತ್ರ ಹೀಗೆಂದಳು: "ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗಾ. ಹದಿಮೂರು ದಿನ ಬಂದೆಯಲ್ಲ, ಅದು ದೊಡ್ಡದು. ಆದರೆ ಆ ಸೂಜಿ ಇನ್ನು ನನ್ನ ಹೊಸಿಲು ದಾಟುವುದು ಬೇಡ." ಆಕೆ ಬದುಕಿರುವ ತನಕ ದಾಟಲಿಲ್ಲ. ಬಾಯಿಗೆ ಹಾಕುವ ಪೋಲಿಯೋ ಹನಿಗೆ ಅಡ್ಡಿಯಿರಲಿಲ್ಲ, ಸೂಜಿಗೆ ಮಾತ್ರ ಇತ್ತು. ಎರಡು ವರ್ಷದ ಮೇಲೆ ಆ ಮನೆಯ ಎರಡನೆಯ ಮಗುವಿಗೆ ನಾಯಿಕೆಮ್ಮು ಬಂದು, ಮಳೆಗಾಲವಿಡೀ ಆ ಮಗು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿದ್ದುದನ್ನು ನಾನು ರಸ್ತೆಯಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಮಗು ಉಳಿಯಿತು. ಮೇಲಿನವರು ನನ್ನ ರಿಜಿಸ್ಟರಿನಲ್ಲಿ ಆ ಮನೆಯ ಮುಂದೆ 'ನಿರಾಕರಣೆ' ಎಂದಿರುವುದನ್ನು ಕಂಡು, ಒಪ್ಪಿಸಲು ಬಾರದ ನೀನೆಂಥ ಸಹಾಯಕಿ ಎಂದು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದರು. ಅಜ್ಜಿಗಾದರೂ ಕಾರಣವಿತ್ತು ಎಂದು ಹೇಳುವ ಧೈರ್ಯ ಅಂದು ನನಗಿರಲಿಲ್ಲ.

ಪಲ್ಸ್ ಪೋಲಿಯೋ ನಿಮಗೆಲ್ಲ ತಿಳಿದದ್ದೇ. ದೇಶದಾದ್ಯಂತ ಮೊದಲ ಸುತ್ತು 1995ರ ಡಿಸೆಂಬರ್ 9ರಂದು, ಎರಡನೆಯದು 1996ರ ಜನವರಿ 20ರಂದು ನಡೆಯಿತು. ಅವೆರಡೂ ಶನಿವಾರಗಳಾಗಿದ್ದವು, ಕೆಲವೇ ವರ್ಷಗಳಲ್ಲಿ ಅದು ಭಾನುವಾರದ ಕೆಲಸವಾಯಿತು. ಮೊದಲ ವರ್ಷ ಮೂರು ವರ್ಷದೊಳಗಿನ ಮಕ್ಕಳಿಗೆ, ಮರುವರ್ಷದಿಂದ ಐದು ವರ್ಷದೊಳಗಿನ ಎಲ್ಲರಿಗೂ ಹನಿ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬೂತಿನಲ್ಲಿರಬೇಕಾದ ನಾನು ಬಲಿಪೂಜೆಗೆ ಹೋಗುವುದೆಂತು? ಆಗಿನ ಗುರುಗಳ ಮುಂದೆ ಹೇಳಿಕೊಂಡೆ. ಅವರು ನಕ್ಕು, "ನೀವು ಬರಲಾಗದಿದ್ದರೆ ಬೂತೇ ಬರಲಿ" ಎಂದರು. ಆ ವರ್ಷದಿಂದ ನಮ್ಮ ದೇವಾಲಯದ ಮುಖಮಂಟಪದಲ್ಲಿಯೇ ಮೇಜು ಹಾಕಿದೆವು. ಪೂಜೆಯ ಕೊನೆಯಲ್ಲಿ ಪ್ರಕಟಣೆಯಾಗುತ್ತಿತ್ತು. ಎಡಗೈಯ ಕಿರುಬೆರಳಿಗೆ ಶಾಯಿಯ ಗುರುತು ಹಾಕಿಸಿಕೊಂಡು ಮಕ್ಕಳು ಒಬ್ಬರಿಗೊಬ್ಬರು ತೋರಿಸಿಕೊಂಡು ಹೋಗುತ್ತಿದ್ದುದು ಹಬ್ಬದಂತಿತ್ತು.

ಬೂತಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮುಂದಿನ ದಿನಗಳಲ್ಲಿ ಮನೆಮನೆಗೆ ಹೋಗುವುದು ಆಮೇಲೆ ಬಂದ ಕ್ರಮ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ 'ಪಿ' ಎಂದು, ಮಗು ಸಿಗದ ಅಥವಾ ಬೇಡವೆಂದ ಮನೆಗೆ 'ಎಕ್ಸ್' ಎಂದು ಸೀಮೆಸುಣ್ಣದಲ್ಲಿ ಬರೆಯಬೇಕು. ಒಮ್ಮೆ ಒಬ್ಬ ದೊಡ್ಡ ಹಿಡುವಳಿದಾರರ ಮನೆಯಲ್ಲಿ ಮೊಮ್ಮಗು ನೆಂಟರ ಮನೆಗೆ ಹೋಗಿತ್ತು. ನಿಯಮದಂತೆ 'ಎಕ್ಸ್' ಬರೆದೆ. ಯಜಮಾನರು ಹೊರಗೆ ಬಂದು ನೋಡಿ ಕೆಂಡವಾದರು. "ನಿಮ್ಮ ಶಿಲುಬೆಯನ್ನು ನನ್ನ ಬಾಗಿಲ ಮೇಲೆ ಬರೆದು ಹೋಗುತ್ತೀರಾ?" ನನಗೆ ಬಾಯಿ ಒಣಗಿಹೋಯಿತು. ನನ್ನ ಜೊತೆಗಿದ್ದ ಅಂಗನವಾಡಿ ಕಾರ್ಯಕರ್ತೆ ಮುಸಲ್ಮಾನರ ಹುಡುಗಿ. ಅವಳು ನಗುತ್ತ ಮುಂದೆ ಬಂದು, "ಇದು ಲೆಕ್ಕದ ಮೇಷ್ಟರು ಹಾಕುವ ತಪ್ಪಿನ ಗುರುತು ಯಜಮಾನರೇ, ಮಗು ಬಂದ ಮೇಲೆ ನಾವೇ ಬಂದು ಅಳಿಸಿ ಸರಿ ಹಾಕುತ್ತೇವೆ" ಎಂದಳು. ಅವರೂ ನಕ್ಕರು. ಮೂರನೆಯ ದಿನ ಅವರೇ ಆಳು ಕಳಿಸಿ, ಮಗು ಬಂದಿದೆ, ತಪ್ಪಿನ ಗುರುತು ಅಳಿಸಿಹೋಗಿ ಎಂದು ಕರೆಸಿಕೊಂಡರು.

ಇನ್ನು ಮುಂದಿನದನ್ನು ಹೇಳುವುದು ನನಗೆ ಕಷ್ಟ. ಪಾಪನಿವೇದನೆಯಲ್ಲಿ ಬಹಳ ಹಿಂದೆಯೇ ಹೇಳಿಕೊಂಡಿದ್ದೇನೆ. ಜನರ ಮುಂದೆ ಇದು ಮೊದಲ ಸಲ. ನಿಮ್ಮಲ್ಲಿ ಕೆಲವರು ನನಗೆ ಶಾಲು ಹೊದಿಸಬೇಕೆಂದು ತಂದಿರುವುದನ್ನು ಕಂಡೆ. ಅದನ್ನು ಹೊದೆಯುವ ಮೊದಲು ಇದನ್ನು ಹೇಳದಿದ್ದರೆ ಅದು ನನ್ನ ಹೆಗಲಿಗೆ ಭಾರವಾಗುತ್ತದೆ.

2001ನೇ ಇಸವಿಯ ಜನವರಿಯ ಸುತ್ತು. ಮನೆಮನೆ ಭೇಟಿಯ ಕೊನೆಯ ದಿನ. ಜೊತೆಗಾತಿಗೆ ಜ್ವರವಾಗಿ ನಾನೊಬ್ಬಳೇ ಇದ್ದೆ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹಳ್ಳದಾಚೆಯ ಒಂದು ಕೂಲಿ ಲೈನು ಮಾತ್ರ ಉಳಿದಿತ್ತು. ಹನ್ನೊಂದು ಮನೆಗಳ ಒಂದೇ ಸಾಲು. ಕಾಫಿ ಕೊಯ್ಲಿಗೆಂದು ಬಯಲುಸೀಮೆಯಿಂದ ಬರುವ ಕುಟುಂಬಗಳು ಅಲ್ಲಿ ಇಳಿಯುತ್ತಿದ್ದವು. ಐದು ಗಂಟೆಗೆ ಕವಲುದಾರಿಯಲ್ಲಿ ಜೀಪು ಬಂದು ಲೆಕ್ಕದ ಹಾಳೆಗಳನ್ನು ತೆಗೆದುಕೊಂಡು ಹೋಗುತ್ತದೆ. ತಡವಾದವರ ಹೆಸರನ್ನು ಸಭೆಯಲ್ಲಿ ಓದುತ್ತಾರೆ. ನನ್ನ ಕಾಲು ಊದಿಕೊಂಡಿತ್ತು. ಹಳ್ಳದ ಈಚೆಯ ಬಂಡೆಯ ಮೇಲೆ ಕುಳಿತೆ. ಚೀಲದಲ್ಲಿ ಹಿಂದಿನ ವರ್ಷದ ಪಟ್ಟಿಯಿತ್ತು. ಅದರಲ್ಲಿ ಆ ಹನ್ನೊಂದು ಮನೆಗಳಿಗೆ ಹದಿನಾಲ್ಕು ಮಕ್ಕಳು. ಹಾಳೆಯ ಮೇಲೆ ಹದಿನಾಲ್ಕು ಗೀಟು ಎಳೆದೆ.

ಗೀಟು ಎಳೆದರೆ ಸಾಲದು, ಲಸಿಕೆಯ ಲೆಕ್ಕವೂ ಕೂಡಿಬರಬೇಕಲ್ಲ. ಒಂದು ಸೀಸೆಯಲ್ಲಿ ಇಪ್ಪತ್ತು ಮಕ್ಕಳಿಗಾಗುವಷ್ಟು ಹನಿ ಇರುತ್ತದೆ. ಸೀಸೆ ತೆಗೆದು ಹದಿನಾಲ್ಕು ಮಕ್ಕಳ ಹನಿಗಳನ್ನು, ಮಗುವಿಗೆರಡರಂತೆ ಎಣಿಸಿ ಎಣಿಸಿ, ಒಂದು ಕಾಫಿ ಗಿಡದ ಬುಡಕ್ಕೆ ಹಿಂಡಿದೆ. ಎಂಜಿನಿನ ಬಿಸಿಯಿಂದ ಕಾಪಾಡಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಲಸಿಕೆ ಅದು. ಐದು ಗಂಟೆಗೆ ಜೀಪಿನ ಬಳಿ ನಿಂತಿದ್ದೆ. ಸಭೆಯಲ್ಲಿ ನನ್ನ ಹೆಸರನ್ನು ಓದಿದರು, ಪೂರ್ಣ ಗುರಿ ಮುಟ್ಟಿದವರ ಸಾಲಿನಲ್ಲಿ.

ರಾತ್ರಿ ನಿದ್ದೆ ಹತ್ತಲಿಲ್ಲ. ತೋಳು ನೋಡದೆ ಬರೆಯಬೇಡ ಎಂದ ಹಿರಿಯರು ಆ ಹೊತ್ತಿಗೆ ತೀರಿಕೊಂಡಿದ್ದರು. ಆದರೂ ಅವರು ಬಾಗಿಲಲ್ಲಿ ನಿಂತಂತಿತ್ತು. ಬೆಳಗಾಗುತ್ತಲೇ ಆರೋಗ್ಯ ಕೇಂದ್ರಕ್ಕೆ ಹೋಗಿ ಏನೋ ನೆಪ ಹೇಳಿ ಒಂದು ಸೀಸೆ ತೆಗೆದುಕೊಂಡು, ಬಾಡಿಗೆ ಜೀಪು ಮಾಡಿಕೊಂಡು, ಹಳ್ಳ ದಾಟಿ ಹೋದೆ. ಹನ್ನೊಂದು ಬಾಗಿಲುಗಳೂ ಹೊರಗಿನಿಂದ ಚಿಲಕ ಹಾಕಿದ್ದವು. ಅರೇಬಿಕಾ ಕೊಯ್ಲು ಮುಗಿದಿತ್ತು. ಹಿಂದಿನ ದಿನ ರಾತ್ರಿಯೇ ಲಾರಿ ಹತ್ತಿ ಹೊರಟುಹೋಗಿದ್ದರು. ಒಲೆಗಳ ಬೂದಿ ಇನ್ನೂ ಬೆಚ್ಚಗಿತ್ತು. ಯಾವ ಊರಿನವರೆಂದು ರೈಟರನ್ನು ಕೇಳಿದೆ. ಮೇಸ್ತ್ರಿಗೆ ಗೊತ್ತು, ಮೇಸ್ತ್ರಿಯೂ ಅವರ ಜೊತೆಗೇ ಹೋದ ಎಂದರು. ಹಿಂದಿನ ವರ್ಷ ಬಂದವರೇ ಈ ವರ್ಷವೂ ಬಂದಿದ್ದರೋ, ಬೇರೆಯವರೋ, ಮಕ್ಕಳು ಹದಿನಾಲ್ಕೇ ಇದ್ದರೋ, ಹೆಚ್ಚೋ ಕಡಮೆಯೋ, ಅದೂ ತಿಳಿಯಲಿಲ್ಲ.

2003ರಲ್ಲಿ ಕರ್ನಾಟಕದಲ್ಲಿ ಪೋಲಿಯೋ ಮತ್ತೆ ಕಾಣಿಸಿಕೊಂಡು 30ಕ್ಕೂ ಹೆಚ್ಚು ಮಕ್ಕಳು ಅದಕ್ಕೆ ತುತ್ತಾದರು. ಆ ಸುದ್ದಿ ಬಂದ ದಿನಗಳಲ್ಲಿ ಪತ್ರಿಕೆ ಬಿಚ್ಚುವಾಗಲೆಲ್ಲ ನನ್ನ ಕೈ ನಡುಗುತ್ತಿತ್ತು. ಊರುಗಳ ಹೆಸರನ್ನು ಓದುತ್ತಿದ್ದೆ. ಆದರೆ ಆ ಹೆಸರುಗಳನ್ನು ಯಾವುದರೊಡನೆ ಹೋಲಿಸಿ ನೋಡಲಿ? ಅಂದು ನಾನು ಆ ಬಾಗಿಲುಗಳಿಗೆ ಹೋಗಿದ್ದರೆ ಮಕ್ಕಳ ಹೆಸರು, ಊರು ಬರೆದುಕೊಂಡಿರುತ್ತಿದ್ದೆ. ಹೋಗಲಿಲ್ಲವಾದ್ದರಿಂದ, ಯಾರಿಗಾಗಿ ಹೆದರಬೇಕೆಂಬುದೂ ನನಗೆ ತಿಳಿಯದು. ಒಂದು ಸುತ್ತು ತಪ್ಪಿದರೆ ಮಗುವಿಗೆ ರೋಗ ಬಂದೇ ಬರುತ್ತದೆಂದೇನೂ ಇಲ್ಲ. ಮತ್ತೊಂದು ಊರಿನ ಮತ್ತೊಬ್ಬ ಸಹಾಯಕಿ ಮುಂದಿನ ಸುತ್ತಿನಲ್ಲಿ ಹನಿ ಹಾಕಿರಬಹುದು. ಬಲ್ಲವರು ನನ್ನನ್ನು ಹೀಗೆ ಸಮಾಧಾನಪಡಿಸಿದ್ದಾರೆ. ಆಕೆ ಹಳ್ಳ ದಾಟಿದವಳಾಗಿರಲಿ ಎಂದು ಪ್ರಾರ್ಥಿಸಿಕೊಂಡೆ.

ಭಾರತದಲ್ಲಿ ಪೋಲಿಯೋದ ಕಾಡು ವೈರಾಣುವಿಗೆ ತುತ್ತಾದ ಕೊನೆಯ ಮಗು ಕಂಡದ್ದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ, 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ನಮ್ಮ ದೇಶವೂ ಸೇರಿದಂತೆ ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ವಲಯ ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ತಾಲೂಕಿನಲ್ಲಿ ನಮಗೆಲ್ಲ ಸಿಹಿ ಹಂಚಿದರು. ಲಕ್ಷಾಂತರ ಹೆಣ್ಣುಮಕ್ಕಳ ಕಾಲುಗಳು ನಡೆದು ಗೆದ್ದ ಗೆಲುವು ಅದು; ನನ್ನ ಪಾಲೂ ಅದರಲ್ಲಿ ಇಲ್ಲವೆನ್ನಲಾರೆ. ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡಾಗ ಮಾತ್ರ ಹನ್ನೊಂದು ಚಿಲಕಗಳು ಕಣ್ಣಮುಂದೆ ಬಂದವು.

ಆ ಘಟನೆಯ ನಂತರ ನನ್ನಲ್ಲಾದ ಬದಲಾವಣೆಯೆಂದರೆ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ನಾಲಿಗೆ ಹಿಂಜರಿಯತೊಡಗಿತು. ಇದರಿಂದ ಕೆಲಸದಲ್ಲಿ ತೊಂದರೆಯೂ ಆಯಿತು. ನಿವೃತ್ತಿಗೆ ಕೆಲವು ವರ್ಷ ಮೊದಲು ಮಂಗನ ಕಾಯಿಲೆಯ ಲಸಿಕೆಗಾಗಿ ನನ್ನನ್ನು ಕೊಪ್ಪದ ಕಡೆಯ ಊರುಗಳಿಗೆ ಕಳಿಸಿದ್ದರು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗವದು. ಕಾಡಿನ ಉಣುಗು ಕಚ್ಚಿ ಬರುತ್ತದೆ, ಮಂಗಗಳು ಸತ್ತು ಬೀಳುವುದೇ ಮುನ್ಸೂಚನೆ. ಅದರ ಲಸಿಕೆ ಬಹಳ ನೋವಿನದು. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು. ಮೊದಲನೆಯದನ್ನು ಹಾಕಿಸಿಕೊಂಡವರು ನಮ್ಮ ಜೀಪು ಕಂಡರೆ ತೋಟದ ಒಳಕ್ಕೆ ಸರಿಯುತ್ತಿದ್ದರು. ಒಬ್ಬ ರೈತರು ಎದುರಿಗೇ ನಿಂತು ಕೇಳಿದರು: "ಹಾಕಿಸಿಕೊಂಡವರಿಗೂ ಕಾಯಿಲೆ ಬಂದಿದೆಯಲ್ಲ ಸಿಸ್ಟರ್?" ನಮಗೆ ಕಲಿಸಿಕೊಟ್ಟ ಉತ್ತರ, ಲಸಿಕೆ ಹಾಕಿಸಿಕೊಂಡರೆ ಭಯವಿಲ್ಲ ಎಂಬುದು. ನಾನು, "ಹೌದು, ಕೆಲವರಿಗೆ ಬಂದಿದೆ. ಹಾಕಿಸಿಕೊಳ್ಳದವರಿಗೆ ಹೆಚ್ಚು ಬಂದಿದೆ. ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಹೋಗಬೇಡಿ, ಸೂಜಿಯೊಂದನ್ನೇ ನಂಬಬೇಡಿ" ಎಂದೆ. ಜೊತೆಗಿದ್ದವರು ನನ್ನನ್ನು ಗದರಿಸಿದರು. ಆ ರೈತರು ತೋಳು ಚಾಚಿದರು. ಆ ಲಸಿ­ಕೆ ಎರಡು ಸಲ ಹಾಕಿಸಿಕೊಂಡವರಲ್ಲಿ ಅದರ ರಕ್ಷಣೆ ಶೇಕಡ 62ರಷ್ಟು, ಮೂರನೆಯದೂ ಸೇರಿದರೆ ಶೇಕಡ 83ರಷ್ಟು ಎಂದು ಅಧ್ಯಯನವೊಂದು ಲೆಕ್ಕಹಾಕಿತ್ತು. ಕಡೆಗೆ 2022ರಲ್ಲಿ, ಅದು ಸಾಕಷ್ಟು ಪರಿಣಾಮಕಾರಿಯಲ್ಲವೆಂದು ಅದರ ಬಳಕೆಯನ್ನೇ ನಿಲ್ಲಿಸಿದರು. ಅಂದು ತೋಟದೊಳಕ್ಕೆ ಸರಿದವರನ್ನೆಲ್ಲ ನಾವು ಅಜ್ಞಾನಿಗಳೆಂದು ಕರೆದಿದ್ದೆವು.

2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಇದಕ್ಕೆ ವಿರುದ್ಧವಾದದ್ದನ್ನು ಕಂಡೆ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳೆಲ್ಲರಿಗೂ ಶಾಲೆಗಳಲ್ಲಿಯೇ ಚುಚ್ಚುಮದ್ದು. ಕೂಲಿ ಲೈನಿನ ತಾಯಂದಿರು ಮಕ್ಕಳ ತಲೆ ಬಾಚಿ, ಹೊಸ ಅಂಗಿ ತೊಡಿಸಿ ಕಳಿಸಿದರು. ಬೇಡವೆಂದು ಚೀಟಿ ಬರೆದು ಕಳಿಸಿದವರಲ್ಲಿ ಓದಿದವರು, ಮೊಬೈಲಿನಲ್ಲಿ ಬಂದ ಸಂದೇಶವನ್ನು ನಂಬಿದವರು, ನಮ್ಮ ಧರ್ಮಕೇಂದ್ರದವರೇ ಕೆಲವರಿದ್ದರು. ಈಗ ಇಲ್ಲಿಯೂ ಇದ್ದೀರಿ. ನಾನು ಹೆಸರು ಹೇಳುವುದಿಲ್ಲ, ನೀವೂ ತಲೆ ತಗ್ಗಿಸಬೇಕಾಗಿಲ್ಲ. ಚೀಟಿ ಬರೆದ ಪ್ರತಿಯೊಂದು ಮನೆಗೂ ನಾನು ಸಂಜೆ ಬಂದಿದ್ದೆ. ಆ ಸಂದೇಶವನ್ನು ನಿಮ್ಮ ಕೈಯಿಂದಲೇ ಓದಿಸಿ ಕೇಳಿದ್ದೆ. ಹೆಚ್ಚಿನವರು ಮರುವಾರ ಮಗುವನ್ನು ಕಳಿಸಿದಿರಿ. ಮೂರು ಮನೆಯವರು ಕಳಿಸಲಿಲ್ಲ. ರಿಜಿಸ್ಟರಿನಲ್ಲಿ ಮೂರು ಎಂದೇ ಬರೆದೆ.

2018ರಲ್ಲಿ ನಿವೃತ್ತಳಾದೆ. ಮತ್ತೆ ಪೆಟ್ಟಿಗೆಯನ್ನು ಮುಟ್ಟುವ ಪ್ರಸಂಗ ಬರಲಾರದೆಂದುಕೊಂಡಿದ್ದೆ. 2021ರ ಜನವರಿ 16ರಂದು ಕೋವಿಡ್ ಲಸಿಕೆ ಆರಂಭವಾಯಿತು. ಮಾರ್ಚ್ 1ರಿಂದ ಅರವತ್ತು ದಾಟಿದವರ ಸರದಿ. ನಮ್ಮ ಈ ಸಭಾಂಗಣವೇ ಲಸಿಕಾ ಕೇಂದ್ರವಾದಾಗ ನಾನೂ ಸ್ವಯಂಸೇವಕಿಯಾಗಿ ಬಂದೆ. ಮಾರ್ಚಿನಲ್ಲಿ ಮನೆಮನೆಗೆ ಹೋಗಿ ಬನ್ನಿ ಬನ್ನಿ ಎಂದು ಕರೆದೆವು; ಸಂಜೆಗೆ ಸೀಸೆಗಳು ಉಳಿದಿರುತ್ತಿದ್ದವು. ಮೇ ತಿಂಗಳ ಹೊತ್ತಿಗೆ ಊರಿನಲ್ಲಿ ಸಾವುಗಳಾಗಿ, ನಸುಕಿನ ನಾಲ್ಕು ಗಂಟೆಗೆ ಈ ಗೇಟಿನ ಮುಂದೆ ಸಾಲು ನಿಂತಿತು. ಆಗ ನಮ್ಮ ಕೈ ಬರಿದಾಗಿತ್ತು. ಮಾರ್ಚಿನಲ್ಲಿ ಬೇಡವೆಂದ ಒಬ್ಬರು ಮೇ ತಿಂಗಳಿನಲ್ಲಿ ಬಂದು, ಇಲ್ಲವೆಂದಾಗ ಸುಮ್ಮನೆ ತಿರುಗಿ ನಡೆದರು. ಅವರ ಬೆನ್ನು ನನಗಿನ್ನೂ ಕಾಣುತ್ತದೆ. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಮನಸ್ಸಿಲ್ಲ. ಈ ಸಭೆಯಲ್ಲಿ ಖಾಲಿಯಾಗಿರುವ ಸ್ಥಾನಗಳು ನಿಮಗೇ ಗೊತ್ತು.

ಒಂದು ನೆನಪನ್ನು ಮಾತ್ರ ಹೇಳುತ್ತೇನೆ. ಆ ಮಾರ್ಚಿನಲ್ಲಿಯೇ, ಸೂಜಿ ಹೊಸಿಲು ದಾಟುವುದು ಬೇಡವೆಂದ ಅಜ್ಜಿಯ ಸೊಸೆ, ಈಗ ತಾನೂ ಅಜ್ಜಿಯಾದವಳು, ಮಗನ ಕೈಹಿಡಿದುಕೊಂಡು ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಕುಳಿತಳು. 1983ರಲ್ಲಿ ಕೀವುಗಟ್ಟಿದ ಮಗು ಅದೇ ಮಗ. ಅವಳು ಮುಖಗವಸಿನ ಮೇಲಿಂದ ನನ್ನನ್ನು ದಿಟ್ಟಿಸಿ, "ಸೂಜಿ ಸರಿಯಾಗಿ ಕುದಿಸಿದ್ದೀರಾ ಸಿಸ್ಟರ್?" ಎಂದಳು. ಒಂದು ಕ್ಷಣ ನನ್ನ ಎದೆ ಧಸಕ್ಕೆಂದಿತು. ಆಮೇಲೆ ಅವಳ ಕಣ್ಣು ನಗುತ್ತಿರುವುದು ಕಂಡಿತು. ಈ ಸಿರಿಂಜು ಒಂದು ಸಲ ಒತ್ತಿದರೆ ತಾನಾಗಿ ಬಿಗಿದುಕೊಳ್ಳುತ್ತದೆ, ಎರಡನೆಯವರಿಗೆ ಬಳಸಬೇಕೆಂದರೂ ಆಗದು ಎಂದು, ಪೊಟ್ಟಣ ಒಡೆದು ತೋರಿಸಿದೆ. ನಡುವೆಯೇ ಮುಗಿದ ಸೀಮೆಎಣ್ಣೆಯ ಸಂಗತಿಯನ್ನೂ, ಮೂವತ್ತೆಂಟು ವರ್ಷಗಳ ಮೇಲೆ, ಅಲ್ಲಿಯೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮತ್ತೆಗೆ ಅದು ಗೊತ್ತಿತ್ತು. ನಮ್ಮ ಜಗುಲಿಯ ಮೇಲೇ ಅಲ್ಲವಾ ನೀವು ಸ್ಟೌವು ಹಚ್ಚಿದ್ದು" ಎಂದು ತೋಳು ಚಾಚಿದಳು.

ಈಗ ನನ್ನ ಉಪಕೇಂದ್ರಕ್ಕೆ ಹೊಸ ಸಹಾಯಕಿ ಬಂದಿದ್ದಾಳೆ. ಬಯಲುಸೀಮೆಯ ಹುಡುಗಿ, ಇಂಬಳ ಕಂಡರೆ ಇನ್ನೂ ಕಿರುಚುತ್ತಾಳೆ. ಅಗೋ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಆ ಹನ್ನೊಂದು ಮನೆಗಳ ಲೈನಿಗೆ ಹೋಗುವ ದಾರಿಯನ್ನು ಕಳೆದ ತಿಂಗಳು ಅವಳಿಗೆ ನಡೆದು ತೋರಿಸಿದೆ; ಹಳ್ಳಕ್ಕೆ ಈಗ ಸೇತುವೆಯಾಗಿದೆ. ಗುರುವಾರ ಬೆಳಿಗ್ಗೆ ಅವಳು ಅಂಗನವಾಡಿಯಲ್ಲಿರುತ್ತಾಳೆ. ಒಂಬತ್ತು ತಿಂಗಳು ತುಂಬಿದ ಮಕ್ಕಳಿರುವವರು ತಾಯಿ ಕಾರ್ಡು ಮರೆಯದೆ ತನ್ನಿ.